ಟ್ಯಾಪೆಟ್ ಸದ್ದು ಕೇಳಿದವರು

ಗುಬ್ಬಿ
14-11-2024, ಗುರುವಾರ

ಪ್ರೀತಿಯ ಕಿರಣಣ್ಣನಿಗೆ,

ಲೇಹ್‌ನಲ್ಲಿ ಈಗಲೇ ಬಕೆಟ್ಟಿನ ನೀರು ಗಟ್ಟಿಯಾಗುತ್ತಿದೆ ಎಂದಿದ್ದೆಯಲ್ಲ, ಕೆಮ್ಮು ಹೇಗಿದೆ? ಅಮ್ಮ ಕಳಿಸಿದ ಕಷಾಯದ ಪುಡಿ ಮುಗಿದಿದ್ದರೆ ತಿಳಿಸು. ಎರಡು ಜೊತೆ ಕಾಲುಚೀಲ ಹಾಕಿಕೊಂಡೇ ಮಲಗು. ನೀನು ಮಿಲಿಟರಿಯವನಾದರೇನು, ಸೀನಿದರೆ ಮನೆಯೆಲ್ಲ ಎಬ್ಬಿಸುತ್ತಿದ್ದ ಅಣ್ಣನೇ ತಾನೆ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯೋಣವೆಂದು ಕೂತೆ, ಆಗಲಿಲ್ಲ. ಗಾಬರಿಯಾಗಬೇಡ, ಮೊದಲೇ ಹೇಳಿಬಿಡುತ್ತೇನೆ: ಅಪ್ಪಾಜಿಯ ಬೆರಳು ಉಳಿದಿದೆ.

ಸೋಮವಾರ ಶಾಲೆಗೆ ರಜೆ ಹಾಕಿ ಮರಳೂರಿನಿಂದ ಮನೆಗೆ ಬಂದೆ. ಶೆಡ್ಡಿನಲ್ಲಿ ಅಂಜಿನಪ್ಪನವರ ಟ್ರ್ಯಾಕ್ಟರ್ ನಿಂತಿತ್ತು. ಎಂಜಿನ್ನಿನಲ್ಲಿ ಟ್ಯಾಪೆಟ್ ಕುಟ್ಟುತ್ತಿದೆ, ವಾಲ್ವಿನ ಹತ್ತಿರ ಟಕಟಕ ಸದ್ದು ಎಂದರೆ ಕುಣಿಗಲ್ಲಿನವರೂ ಗುಬ್ಬಿಗೆ ಅಪ್ಪಾಜಿಯ ಹತ್ತಿರವೇ ಬರುತ್ತಾರಲ್ಲ, ಟ್ಯಾಪೆಟ್ ರೇವಣ್ಣ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾನೆ ಎಂದು. ಅಪ್ಪಾಜಿ ಎಂಜಿನ್ನಿನ ಮೇಲಿನ ಕವರ್ ಬಿಚ್ಚಿ ಒಳಗೆ ಬೆರಳಿಟ್ಟಿದ್ದರು. ಅಮ್ಮ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದವಳು, ನಾನು ಬಂದೆನೆಂದು ಕಾಫಿ ಇಡಲು ಎದ್ದು ಒಳಗೆ ಹೋದಳು. ಅಷ್ಟೇ ಹೊತ್ತು. ಸೀಟಿನ ಮೇಲಿದ್ದ ಅಂಜಿನಪ್ಪ, “ಸೆಲ್ಫ್ ಹೊಡೀಲೇನ್ ರೇವಣ್ಣಾ?” ಎಂದರು. ಅಪ್ಪಾಜಿ ಮಾತಾಡಲಿಲ್ಲ. “ಹೊಡೀತೀನಿ ಕಣಣ್ಣೋ!” ಎಂದು ಇನ್ನೊಮ್ಮೆ ಕೂಗಿ ಕೀ ತಿರುಗಿಸಿಯೇಬಿಟ್ಟರು. ಅಪ್ಪಾಜಿ ಕಿರುಚಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ ಅಣ್ಣ. ತೋರುಬೆರಳ ತುದಿ, ಮೇಲೆ ಕೆಳಗೆ ಆಡುವ ರಾಕರಿನ ಕೆಳಗೆ ಸಿಕ್ಕಿ ಉಗುರು ಒಡೆದಿತ್ತು. ಆಯಿಲ್ಲಿನ ಮೇಲೆಲ್ಲ ರಕ್ತ.

“ಎರಡ್ ಸಲ ಕೇಳ್ದೆ ಕಣವ್ವ, ಉಸ್ರೇ ಎತ್ತಲಿಲ್ಲ!” ಎಂದು ಅಂಜಿನಪ್ಪ ತಲೆ ಚಚ್ಚಿಕೊಂಡರು. ನಾನೂ ಅಪ್ಪಾಜಿಯ ಮೇಲೆಯೇ ರೇಗಿದೆ, “ಬೇಡ ಅನ್ನೋಕೆ ಬಾಯಿ ಬರ್ಲಿಲ್ವಾ?” ಎಂದು. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು, ಏನು ಕೇಳಿದಳು ಎಂದು ಹುಡುಕುವವರಂತೆ. ಅಮ್ಮ ಓಡಿಬಂದಳು. ಕೂಗಲಿಲ್ಲ. ಅಪ್ಪಾಜಿಯ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ದನಿಯೇ ಇಲ್ಲದೆ ಬರೀ ತುಟಿ ಆಡಿಸಿದಳು. ಅಪ್ಪಾಜಿ ತಲೆಯಾಡಿಸಿದರು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ, ಹೊರಗಿನ ಬೆಂಚಿನ ಮೇಲೆ ಅಮ್ಮ ಎಲ್ಲ ಹೇಳಿದಳು. ಎರಡು ವರ್ಷದಿಂದ ಅಪ್ಪಾಜಿಗೆ ಕಿವಿ ಕೇಳಿಸುತ್ತಿಲ್ಲ. ಮೊದಲು ಬಲಗಿವಿ, ಆಮೇಲೆ ಎಡದ್ದು. “ಕಿವುಡನ ಹತ್ರ ಇಂಜಿನ್ ಯಾರು ಬಿಡ್ತಾರೆ ಸಿದ್ದಗಂಗಾ” ಎಂದು ಅಪ್ಪಾಜಿ ಅತ್ತರಂತೆ, ಒಂದೇ ಸಲ. ಅಂದಿನಿಂದ ಎಂಜಿನ್ ಸ್ಟಾರ್ಟ್ ಮಾಡಿದಾಗಲೆಲ್ಲ ಅಮ್ಮ ಬಾಗಿಲಲ್ಲಿ ಕೂರುತ್ತಾಳೆ. ಮೊದಲನೇ ಸಿಲಿಂಡರ್ ಕುಟ್ಟಿದರೆ ಒಂದು ಬೆರಳು, ಮೂರನೆಯದಾದರೆ ಮೂರು, ಕುಟ್ಟುವ ಸದ್ದು ನಿಂತರೆ ಅಂಗೈ ಮಗುಚುತ್ತಾಳೆ. ಜನ ಹೊಗಳುತ್ತಿದ್ದ ಕಿವಿ ನಮ್ಮಮ್ಮನದು! ಕುಕ್ಕರಿನ ವಿಶಲ್ ಎಣಿಸುವುದನ್ನೇ ಮರೆಯುವ ಅಮ್ಮನದು! ಹಬ್ಬ ಹಬ್ಬಕ್ಕೆ ಬಂದು ಹೋಳಿಗೆ ತಿಂದು ಹೋದ ನನಗೆ ಒಂದೂ ಗೊತ್ತಾಗಲಿಲ್ಲ. ತರಗತಿಯ ಕೊನೆಯ ಬೆಂಚಿನ ಮಗುವಿಗೆ ಕೇಳಿಸುತ್ತಿಲ್ಲವೆಂದು ನೋಡಿದೊಡನೆ ಹೇಳುವ ಟೀಚರ್ ನಾನು.

ನಿನ್ನೆ ಅಪ್ಪಾಜಿಯ ಕೈಯಲ್ಲಿ ಇಷ್ಟು ದಪ್ಪ ಕಟ್ಟು, ಟ್ರ್ಯಾಕ್ಟರ್ ಬಿಚ್ಚಿದ ಹಾಗೇ ನಿಂತಿದೆ. “ಬಾರಮ್ಮ ಟೀಚರಮ್ಮ, ವಾಲ್ವ್ ಎಲ್ಲಿ ಅವೆ ತೋರ್ಸು” ಎಂದರು. ನಾನು ಮೇಲೆ ಸಾಲಾಗಿದ್ದ ಕಬ್ಬಿಣದ ತುಂಡುಗಳನ್ನು ತೋರಿಸಿದೆ. “ಅವು ರಾಕರ್ ಕಣೇ. ವಾಲ್ವ್ ಸ್ಪ್ರಿಂಗ್ ಒಳಗವೆ, ತುದಿ ಮಾತ್ರ ಕಾಣ್ತದೆ.” ಕೆಳಗಿನಿಂದ ಕಡ್ಡಿ ಮೇಲಕ್ಕೆ ತಳ್ಳಿದರೆ ರಾಕರ್ ಏತದ ಹಾಗೆ ವಾಲಿ ಆಚೆ ತುದಿಯಲ್ಲಿ ವಾಲ್ವನ್ನು ಒತ್ತುತ್ತದೆ. ನಿನಗೆ ಇದೆಲ್ಲ ಅಕ್ಷರಮಾಲೆ, ನಗಬೇಡ. ಆರು ವಾಲ್ವ್‌ಗಳಲ್ಲಿ ಗಾಳಿ ಎಳೆಯುವುದು ಯಾವುದು, ಹೊಗೆ ಬಿಡುವುದು ಯಾವುದು ಎಂದು ಕೇಳಿದರು. ನಾನು ಯಾವುದೋ ಒಂದನ್ನು ಮುಟ್ಟಿದೆ. “ಪೈಪ್ ನೋಡು. ಸೈಲೆನ್ಸರ್ ಕಡೆ ಪೈಪಿನ ಎದುರಿಗೆ ಇರೋದು ಹೊಗೇದು.” ಕಡ್ಡಿಯನ್ನು ಎರಡು ಬೆರಳಲ್ಲಿ ಹೊರಳಿಸಿ, ಸಲೀಸಾಗಿ ತಿರುಗಿದರೆ ಆ ವಾಲ್ವ್ ಮುಚ್ಚಿದೆ ಎಂದು ತಿಳಿಯಬೇಕಂತೆ. ಮುಚ್ಚಿದ ಮೇಲೇ ರಾಕರಿಗೂ ವಾಲ್ವಿಗೂ ನಡುವೆ ಅಳತೆಯ ತೆಳು ತಗಡು ತೂರಿಸಿ ಸಂದು ಸರಿಮಾಡಬೇಕು. ತಗಡು ಎಳೆದರೆ ಒಂಚೂರು ಹಿಡಿದು ಬಿಡಬೇಕು. ಆರನ್ನೂ ನಾನೇ ಮಾಡಿದೆ ಅಣ್ಣ! ಎರಡು ಸಲ ತಪ್ಪಿ, ಬೈಸಿಕೊಂಡು.

ಸಂಜೆ ಅಂಜಿನಪ್ಪ ಬಂದಾಗ, ಅಪ್ಪಾಜಿ ಅವತ್ತು ಯಾಕೆ ಮಾತಾಡಲಿಲ್ಲ ಎನ್ನುವುದಕ್ಕೆ ಅಮ್ಮ ಏನೋ ಸುಳ್ಳು ಹೊಂದಿಸುತ್ತಿದ್ದಳು. ಅಪ್ಪಾಜಿ ಅವಳ ಕೈ ಹಿಡಿದು ತಡೆದರು. “ನಂಗೆ ಕಿವಿ ಕೇಳ್ಸಲ್ಲ ಅಂಜಿನಣ್ಣ. ಎರಡು ವರ್ಷ ಆಯ್ತು. ಸದ್ದು ಕೇಳೋದು ಇವಳು.” ಅಂಜಿನಪ್ಪ ಪಕ್ಕದಲ್ಲಿ ಬಿದ್ದಿದ್ದ ಹಳೇ ಟೈರಿನ ಮೇಲೆ ಕೂತರು. ಆಮೇಲೆ ಹೋಗಿ ಸೀಟು ಹತ್ತಿ, ಅಪ್ಪಾಜಿಗೆ ಕಾಣುವ ಹಾಗೆ ಕೀ ಎತ್ತಿ ತೋರಿಸಿ, ಅಮ್ಮನ ಕಡೆ ತಿರುಗಿ, “ಹೊಡೀಲಾ ಅಕ್ಕಾ?” ಎಂದರು. ಅಮ್ಮ ಹೂಂ ಎಂದಳು. ಎಂಜಿನ್ ಒಂದೇ ಹದದಲ್ಲಿ ಓಡಿತು. ಅಮ್ಮ ಕಣ್ಣು ಮುಚ್ಚಿ ಕೇಳಿ ಅಂಗೈ ಮಗುಚಿದಳು. ಅವಳು ಎಲ್ಲರೆದುರು ಹಾಗೆ ಮಾಡಿದ್ದು ಅದೇ ಮೊದಲು.

ಶನಿವಾರ ಅಪ್ಪಾಜಿಯನ್ನು ತುಮಕೂರಿಗೆ ಕಿವಿ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ. ಬರುವುದಿಲ್ಲ ಎನ್ನುತ್ತಿದ್ದಾರೆ, ಬಿಡುವವಳಲ್ಲ ನಾನು. ಎಡೆಯೂರು ಸಿದ್ಧಲಿಂಗಪ್ಪ ನಿನ್ನನ್ನು ಆ ಮಂಜಿನಲ್ಲಿ ಬೆಚ್ಚಗಿಟ್ಟಿರಲಿ. ಅಮ್ಮ ಅಪ್ಪಾಜಿಯ ಆಶೀರ್ವಾದಗಳು.

ನಿನ್ನ ತಂಗಿ,
ಭೂಮಿಕಾ

ಮರೆತೆ: ಅಪ್ಪಾಜಿ ಫೋನಿನಲ್ಲಿ ಒಂದು ಮಾತಾಡಿ ಅಮ್ಮನಿಗೆ ಕೊಟ್ಟುಬಿಡುತ್ತಾರೆ, ನೀನು ಶೆಡ್ಡು ಬಿಟ್ಟು ಮಿಲಿಟರಿ ಸೇರಿದ ಸಿಟ್ಟು ಅವರಿಗೆ ಇನ್ನೂ ಇಳಿದಿಲ್ಲ ಎಂದುಕೊಂಡು ಫೋನ್ ಮಾಡುವುದನ್ನೇ ಕಡಿಮೆ ಮಾಡಿದ್ದೀಯಂತೆ. ಸಿಟ್ಟಲ್ಲ ಅಣ್ಣ, ನಿನ್ನ ದನಿ ಅವರಿಗೆ ಕೇಳಿಸುತ್ತಿರಲಿಲ್ಲ. ನೀನು ಫೋನ್ ಇಟ್ಟಮೇಲೆ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು, “ಏನಂದ? ಮೊದ್ಲಿಂದ ಹೇಳು” ಎನ್ನುತ್ತಾರಂತೆ. ಅವರ ಹೆಸರಿಗೇ ಒಂದು ಕಾಗದ ಬರಿ.