ಬನ್ನಿಗೆಂದು ಮುಚ್ಚಿಟ್ಟ ಚಹಾ

ನನ್ನ ಅವ್ವಾ,

ಮಳೆ ನಿಂತು ದಾಂಡೇಲಿಯಲ್ಲಿ ಬಿಸಿಲು ಬಿದ್ದಿದೆ. ಹಿತ್ತಿಲ ಚಹಾಹುಲ್ಲನ್ನು ನಿನ್ನಂತೆಯೇ ಕತ್ತರಿಸಿ ನೆರಳಲ್ಲಿ ಹರವಿದ್ದೆ. ಹಾಗಂತ ಈ ಸಲದ ಚಹಾ ನಿನ್ನದರಂತೆ ಬಂತು ಅಂದುಕೊಂಡು ಹಿಗ್ಗಬೇಡ. ಬರಲಿಲ್ಲ.

ನೀನು ಚಹಾ ಕಲೆಸುತ್ತಿದ್ದುದು ಕಣ್ಣ ಮುಂದೆಯೇ ಇದೆ. ನವರಾತ್ರಿಯ ಮೊದಲ ದಿನ, ಘಟ ಹಾಕಿದ ಮೇಲೆ ನೀನು ಮೊರ ಹಿಡಿದು ಕೂತರೆ ಯಾರೂ ಫ್ಯಾನ್ ಹಾಕುವಂತಿರಲಿಲ್ಲ. ಹಳಿಯಾಳದ ಸಂತೆಯ ಎಲೆ ಚಹಾ, ಬಣ್ಣಕ್ಕಿಷ್ಟು ಪುಡಿ ಚಹಾ, ಜೋಯಿಡಾ ಕಡೆಯ ಹೆಂಗಸು ತರುತ್ತಿದ್ದ ದಾಲ್ಚಿನ್ನಿ, ಒಣಶುಂಠಿ, ಆ ಹುಲ್ಲು. ಬೆರಳ ತುದಿಯಲ್ಲೇ ಕಲೆಸಿ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿಬಿಟ್ಟರೆ ಮುಗಿಯಿತು, ದಸರೆಯ ಸಂಜೆಯೇ ಬಿಚ್ಚಬೇಕು. ನಾನು ಮೂಸಲು ಹೋದರೆ ಕೈಗೊಂದು ಏಟು. "ತಡೀ ಮಗಳ, ವಾಸನಿ ಒಂದಕ್ಕೊಂದು ಹೊಂದ್ಕೋಬೇಕು. ಬನ್ನಿ ಕೊಡಾಕ ಬಂದವ್ರಿಗೆ ಸಪ್ಪನ ಚಹಾ ಕೊಡ್ಲೇನು?"

ಆ ಸಂಜೆ ಓಣಿಯವರೆಲ್ಲ ಬನ್ನಿ ಎಲೆ ಕೊಟ್ಟು, ಚಹಾ ಕುಡಿದು, ಬಾಯ್ತುಂಬ ಹೊಗಳಿ ಹೋಗುತ್ತಿದ್ದರು. ನಿನ್ನ ಕಣ್ಣು ಮಾತ್ರ ಅಪ್ಪನ ಮೇಲೆ. ಕಾಗದದ ಮಿಲ್ಲಿನಲ್ಲಿ ಆಯುಷ್ಯ ಸವೆಸಿದ ಮನುಷ್ಯ, ಪ್ರತಿವರ್ಷ ಅದೇ ಮಾತು: "ಇದೇನ ಚಹಾನೋ, ಕಷಾಯನೋ? ನಮ್ಮ ಕ್ಯಾಂಟೀನ್ ಚಹಾದ ಮುಂದ ಏನೂ ಇಲ್ಲ ಬಿಡು." ನೀನು ನಕ್ಕು ಒಳಗೆ ಹೋಗುತ್ತಿದ್ದೆ. ಒಳಗೆ ಹೋದ ಮೇಲೆ ನಗುತ್ತಿರಲಿಲ್ಲ, ನಾನು ನೋಡಿದ್ದೇನೆ. ಒಂದು ಸಲ "ಛಲೋ ಆಗೇತಿ" ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಹೋದ ವರ್ಷ ಡಬ್ಬಿ ಕಟ್ಟಿಟ್ಟವಳು ದಸರೆಗೂ ನಿಲ್ಲಲಿಲ್ಲ ನೀನು. ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲೇ ಇಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದಲ್ಲ, ಪಕ್ಕದ ಗಿರಿಜಕ್ಕ ತನ್ನ ಮನೆಯಲ್ಲೇ ಎಲ್ಲರಿಗೂ ಚಹಾ ಕಾಸಿದಳು. ಮುಂಡಗೋಡ, ರಾಮನಗರದಿಂದ ನೆಂಟರು ಬಂದಂತೆಲ್ಲ ಅವಳ ಪುಡಿ ಮುಗಿಯಿತು. ನಮ್ಮ ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಡಬ್ಬಿ ಒಯ್ದಳು. ಇರುವೆ ಹೋಗದಿರಲಿ ಅಂತ ಬಟ್ಟೆ ಕಟ್ಟಿದ್ದೆಂದು ತಿಳಿದಳಂತೆ. ಪಾಪ, ಅವಳನ್ನು ಏನಂತ ಬೈಯಲಿ? ಖಾಲಿ ಡಬ್ಬಿಯನ್ನು ತೊಳೆದು ತಂದುಕೊಟ್ಟಾಗಲೇ ನನಗೆ ಗೊತ್ತಾದದ್ದು. ನಾನೂ ಕುಡಿದಿದ್ದೆ ಅವ್ವಾ. ರುಚಿ ಹೇಗಿತ್ತೋ... ನಿನ್ನ ಕೈಯ ಕೊನೆಯ ಚಹಾ, ಬಿಸಿನೀರಿನಂತೆ ನುಂಗಿಬಿಟ್ಟೆ. ಡಬ್ಬಿ ತೊಳೆಯದೇ ಕೊಟ್ಟಿದ್ದರೆ ವಾಸನೆಯಾದರೂ ಉಳಿಯುತ್ತಿತ್ತು.

ನಿನ್ನ ವರ್ಷದ ಕಾರ್ಯ ಮುಗಿಸಿ, ನಿನ್ನೆ ಬನ್ನಿ ಹಬ್ಬ ಮಾಡಿದೆವು. ನಾನು ಕಲೆಸಿದ ಚಹಾ ಅಪ್ಪನಿಗೆ ಕೊಟ್ಟೆ. ಕಷಾಯ ಅನ್ನಲಿಲ್ಲ. ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟ.

"ಸುಂಠಿ ಹೆಚ್ಚಾತು. ಆಕಿ ಇಷ್ಟು ಹಾಕ್ತಿರ್ಲಿಲ್ಲ. ಹುಲ್ಲೂ ಎಳೀದ ನೋಡಿ ಕೊಯ್ತಿದ್ಲು."

ನಾನು ಅಪ್ಪನ ಎದುರಿಗೇ ಕೂತೆ.

"ಅವತ್ತು ಗಿರಿಜಾ ತಂದದ್ದು ಆಕಿ ಚಹಾನ. ಬಾಯಿಗೆ ಇಟ್ಟ ಕೂಡ್ಲೆ ಗೊತ್ತಾತು ನನಗ."

"ಮತ್ತ ಯಾಕ ಹೇಳ್ಲಿಲ್ಲಪ್ಪ?"

"ಏನಂತ ಹೇಳ್ಲಿ? ಇನ್ನೊಂದು ಕಪ್ ಬೇಕಾಗಿತ್ತು. ಹೇಂತಿ ಹೋದ ದಿನ ಚಹಾ ಕೇಳ್ತಾನ ನೋಡು ಅಂದಾರಂತ ಸುಮ್ಮನಾದೆ."

ಅವ್ವಾ, ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಅಪ್ಪನಿಗೆ ನಿನ್ನ ಚಹಾ ಸೇರುತ್ತಿತ್ತು. ಮೊದಲಿನಿಂದಲೂ ಸೇರುತ್ತಿತ್ತಂತೆ.