ನಮ್ಮ ಗುಡಿಯಲ್ಲಿ ಎತ್ತಿದ ಚೀಟಿ

ಬರಗೂರು ಪಕ್ಕದ ಹಟ್ಟಿ
೮-೮-೧೯೮೪, ಬುಧವಾರ

ಮಧುಗಿರಿ ಹಾಸ್ಟೆಲಿನಲ್ಲಿರುವ ನನ್ನ ಮುದ್ದು ತಂಗಿ ಸಣ್ಣಕ್ಕನಿಗೆ, ಅಕ್ಕ ಪುಟ್ಟಕ್ಕ ಮಾಡುವ ಆಶೀರ್ವಾದ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀಯ, ಕ್ಷಮಿಸು. ಬರೆಯಲು ಕೂತಾಗಲೆಲ್ಲ ‘ಇತ್ತ ನಾವೆಲ್ಲ ಕ್ಷೇಮ’ ಎಂದು ಬರೆದು ಹರಿದು ಹಾಕುತ್ತಿದ್ದೆ. ಇವತ್ತು ಆ ಸಾಲನ್ನೇ ಬಿಟ್ಟಿದ್ದೇನೆ. ಹಾಸ್ಟೆಲ್ ಊಟ ಒಗ್ಗಿತೇ? ಇಲ್ಲದಿದ್ದರೂ ತಿನ್ನು, ಓದುವವಳಿಗೆ ಹೊಟ್ಟೆ ತುಂಬಿರಬೇಕು.

ತುಮಕೂರಿನಲ್ಲಿ ನನಗೆ ಆಪರೇಷನ್ ಆದದ್ದು ನಿನಗೆ ಗೊತ್ತು. ಗಡ್ಡೆ ಇದ್ದದ್ದು ಅಂಡಾಶಯದಲ್ಲಿ. ಅದನ್ನೂ ಗರ್ಭಕೋಶವನ್ನೂ ತೆಗೆದರು. ಆದರೆ ಕ್ಯಾನ್ಸರ್ ಹೊಟ್ಟೆಯೊಳಗೆ ಅಲ್ಲಲ್ಲಿ ಉಳಿದಿದೆಯಂತೆ. ಅಲ್ಲಿನ ನರ್ಸ್ ಚನ್ನಮಲ್ಲಮ್ಮ ನನ್ನನ್ನು ಪಕ್ಕಕ್ಕೆ ಕರೆದು, “ಬೆಂಗ್ಳೂರ್ ಆಸ್ಪತ್ರೇಲಿ ಹೊಸ ಔಷ್ದಿ ಪರೀಕ್ಷೆ ಮಾಡ್ತಾವ್ರಂತೆ ಕಣಮ್ಮ. ನೀನಾಗೇ ಬಾಯ್ಬುಟ್ಟು ಕೇಳು. ಕೇಳ್ದಿದ್ರೆ ಯಾರೂ ಕರ್ದು ಹೇಳಕಿಲ್ಲ” ಅಂದರು. ಹೋಗಿ ಕೇಳಿದೆ.

ಬೆಂಗಳೂರಿನ ಡಾಕ್ಟರ್ ಶಿವರುದ್ರಮ್ಮನವರು ನನ್ನನ್ನು ಎದುರು ಕೂರಿಸಿಕೊಂಡು ಬಿಡಿಸಿ ಹೇಳಿದರು. ಅರ್ಧ ಜನಕ್ಕೆ ಹೊಸ ಔಷಧಿ, ಅರ್ಧ ಜನಕ್ಕೆ ಈಗ ಎಲ್ಲರಿಗೂ ಕೊಡುತ್ತಿರುವ ಹಳೆಯದು. ಯಾರಿಗೆ ಯಾವುದೆಂದು ಅಲ್ಲಿ ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ, ಅವರೂ ಆರಿಸುವ ಹಾಗಿಲ್ಲ, ನಾನೂ ಆರಿಸುವ ಹಾಗಿಲ್ಲ. “ಹೊಸದೇ ಮೇಲು ಅಂತ ಗೊತ್ತಿದ್ದರೆ ಪರೀಕ್ಷೆ ಯಾಕೆ ಮಾಡ್ತಿದ್ವಿ?” ಎಂದು ಕೇಳಿದರು. ವಾಂತಿಯಾಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಬೇಡವೆನಿಸಿದರೆ ನಡುವೆ ಬಿಡಬಹುದು, ಬಿಟ್ಟರೂ ಚಿಕಿತ್ಸೆ ನಿಲ್ಲಿಸುವುದಿಲ್ಲ ಅಂದರು. ಹೊಸದನ್ನು ಪ್ಲಾಟಿನಂ ಎಂಬ ಬಂಗಾರಕ್ಕಿಂತ ದುಬಾರಿ ಲೋಹದಿಂದ ಮಾಡುತ್ತಾರಂತೆ. ಈ ಮನೆಗೆ ಬಂದು ಕೊರಳಿಗೊಂದು ಎಳೆ ಬಂಗಾರ ಕಾಣದವಳು, ನರದೊಳಗಾದರೂ ಹಾಕಿಸಿಕೊಳ್ಳೋಣ ಅಂದುಕೊಂಡೆ. ಬರುವ ಸೋಮವಾರದೊಳಗೆ ಸೇರಬೇಕು. ಆಪರೇಷನ್ ಆಗಿ ಹೆಚ್ಚು ದಿನ ಕಳೆದವರನ್ನು ತೆಗೆದುಕೊಳ್ಳುವುದಿಲ್ಲ. ಜೊತೆಗೆ ಮನೆಯವರೊಬ್ಬರು ಇರಲೇಬೇಕು.

ಊರಿಗೆ ಬಂದು ಇಷ್ಟನ್ನೂ ಹೇಳಿದೆ. ನಮ್ಮತ್ತೆ ಕ್ಯಾತಮ್ಮನ ಕಿವಿಗೆ ಬಿದ್ದದ್ದು ಚೀಟಿ ಒಂದೇ. “ಚೀಟಿ ಎತ್ತೋದಾದ್ರೆ ನಮ್ ದೇವ್ರ ಮುಂದೇನೇ ಎತ್ಸಾನ. ಅದ್ಕೂ ಬೆಂಗ್ಳೂರ್ಗೇ ಹೋಗ್ಬೇಕಾ?” ಅಂದರು. ಮೊನ್ನೆ ಸೋಮವಾರ ಗುಡಿಯಲ್ಲಿ ಪೂಜೆ ಮಾಡಿಸಿ ಎತ್ತಿಸಿಯೇ ಬಿಟ್ಟರು. ಬಂದದ್ದು ಹಳೆಯದು.

“ಹಳೇದೇ ಬಂತಲ್ಲ, ಅದು ತುಮ್ಕೂರಲ್ಲೇ ಸಿಕ್ತದೆ. ಸುಗ್ಗಿ ಕಳೀಲಿ, ನೋಡಾನ” ಅಂದರು ನಿನ್ನ ಭಾವ.

“ಅಲ್ಲಿ ಎತ್ತಬೇಕಾದ ಚೀಟೀನ ಇಲ್ಲಿ ಎತ್ತಿದ್ರೆ ಆಗ್ತದಾ?” ಅಂದೆ.

“ದೇವ್ರು ಅಲ್ಲೊಂದು ಇಲ್ಲೊಂದು ಹೇಳ್ತಾನಾ?”

ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಹೋದ ವರ್ಷ ಕುರಿಗಳಿಗೆ ರೋಗ ಬಂದಾಗ ಪಶುವೈದ್ಯರು ಹೊಸ ಇಂಜೆಕ್ಷನ್ ಬಂದಿದೆ ಅಂದದ್ದೇ ತಡ, ಇಡೀ ಮಂದೆಯನ್ನು ಹೊಡೆದುಕೊಂಡು ಹೋದವರು ಇವರೇ. ಆಗ ಯಾವ ದೇವರನ್ನೂ ಕೇಳಲಿಲ್ಲ.

ಕೂತಲ್ಲಿ ಕೂರಲಾಗುತ್ತಿಲ್ಲ ಸಣ್ಣಿ. ಒಲೆ ಮುಂದಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ತಿರುಗುತ್ತಿದ್ದೇನೆ. ಹೊಲಿಗೆ ಹಾಕಿದ ಜಾಗ ಜಗ್ಗುತ್ತದೆ. ಸಿರಾ ಬಸ್ಸಿನ ಹಾರನ್ ಕೇಳಿದರೆ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದು ನಿಲ್ಲುತ್ತೇನೆ. ನನಗೆ ಭಯ ಕಣೆ, ಸಾಯುವ ಭಯವೇ. ಹೊಸದು ಸಿಗಲಿ, ಹಳೆಯದೇ ಸಿಗಲಿ, ಅಲ್ಲಿ ನನ್ನನ್ನು ಉಳಿಸಲು ಯಾರೋ ಒಬ್ಬರು ಮೈಮೇಲೆ ಕಣ್ಣಿಟ್ಟಿರುತ್ತಾರೆ. ಇಲ್ಲಿ ಸುಗ್ಗಿ ಕಳೆಯುವುದನ್ನು ಕಾಯುತ್ತಾರೆ.

ಭಾನುವಾರ ಬೆಳಗಿನ ಬಸ್ಸಿಗೆ ಸಿರಾಕ್ಕೆ ಬಾ. ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ. ಮನೆಯವರು ಅಂದರೆ ಗಂಡನೇ ಆಗಬೇಕೆಂದು ಡಾಕ್ಟರಮ್ಮ ಹೇಳಿಲ್ಲ. ನೀನು ಬರದಿದ್ದರೆ ಒಬ್ಬಳೇ ಹೋಗುತ್ತೇನೆ. ಆದರೆ ಬಾ.

ಚೆನ್ನಾಗಿ ಓದು. ನಿನ್ನ ಆಯಸ್ಸು ನೂರಾಗಲಿ, ಕೈಗೊಂದು ಕೆಲಸ ಸಿಗಲಿ.

ನಿನ್ನ ಅಕ್ಕ,
ಪುಟ್ಟಕ್ಕ

ಮತ್ತೊಂದು ಮಾತು: ನಿನ್ನೆ ಅಪ್ಪ ನಿಡುಗಲ್ಲಿನಿಂದ ಬಂದಿದ್ದರು. ನನ್ನ ಜೊತೆ ಬೆಂಗಳೂರಿಗೆ ಬರಲು ಬಂದರೆಂದು ಖುಷಿಯಿಂದ ರೊಟ್ಟಿ ತಟ್ಟುತ್ತಿದ್ದೆ. ಜಗಲಿಯ ಮಾತು ಒಳಗೆ ಕೇಳುತ್ತಿತ್ತು. “ಹೊರಗಿನ ಹೆಣ್ಣು ಯಾಕೆ, ಸಣ್ಣಕ್ಕನ್ನೇ ತಂದ್ಕಳಾನ” ಅಂದರು ಅತ್ತೆ. ನಿನ್ನ ಭಾವ ಎಲೆಗೆ ಸುಣ್ಣ ಸವರುತ್ತಿದ್ದರು. ಅಪ್ಪ ಬೇಡ ಅನ್ನಲಿಲ್ಲ ಕಣೆ. “ಕಾರ್ತೀಕ ಕಳೀಲಿ” ಅಂದರು. ಅಷ್ಟರೊಳಗೆ ನಾನು ತೀರಿಹೋಗಿರುತ್ತೇನೆಂದು ಅವರು ಮೂವರೂ ಒಪ್ಪಿಕೊಂಡಾಗಿದೆ. ನಿನ್ನನ್ನು ಹೆಣ್ಣು ಕೇಳಲು ಬಂದರೆ ಅಳಬೇಡ, ಜಗಳ ಆಡಬೇಡ. “ನಮ್ಮಕ್ಕ ಇನ್ನೂ ಬದ್ಕವ್ಳೆ” ಅನ್ನು. ಈ ಮನೆಯಲ್ಲಿ ಆ ಮಾತು ಹೇಳುವವರು ಯಾರೂ ಇಲ್ಲ.