ಮುಂದಿನ ಊರಿಗೆಂದು ಉಳಿಸಿದ ವಾಯರು

ಕೊಣ್ಣೂರ, ತಾಲೂಕು ಗೋಕಾಕ
ಬುಧವಾರ, 21 ಜನವರಿ 2009

ಪ್ರೀತಿಯ ಸೊಸೆ ಕಾಜಲ್,

ಹೇಗಿದ್ದೀ ಮಗಳೇ? ಊಟ ಸೇರುತ್ತದೆಯೇ? ಈ ಚಳಿಗೆ ನಿನ್ನ ಅವ್ವನ ಮಂಡಿನೋವು ಹೆಚ್ಚಾಗಿರಬೇಕು, ಎಳ್ಳೆಣ್ಣೆ ಕಾಯಿಸಿ ತಿಕ್ಕು. ನಾನು ಫೋನ್ ಮಾಡಿದಾಗಲೆಲ್ಲ ನಿನ್ನ ತಮ್ಮ ಎತ್ತಿಕೊಂಡು "ಅಕ್ಕ ಮಲಗ್ಯಾಳ್ರಿ" ಎನ್ನುತ್ತಾನೆ. ಬಿಸಿಲು ನೆತ್ತಿಗೆ ಬಂದಾಗಲೂ ಅಕ್ಕ ಮಲಗಿರುತ್ತಾಳೆ! ಪಾಪ, ಅವನಿಗೆ ಸುಳ್ಳು ಹೇಳುವಾಗ ದನಿ ನಡುಗುತ್ತದೆ. ನನ್ನ ಅಪ್ಪನ ನಾಟಕ ಕಂಪನಿಯಲ್ಲಿದ್ದಿದ್ದರೆ ಅವನಿಗೆ ದೂತನ ಪಾತ್ರವನ್ನೂ ಕೊಡುತ್ತಿರಲಿಲ್ಲ. ಅದಕ್ಕೇ ಈ ಕಾಗದ. ಮಲಗಿದ್ದೇನೆ ಎಂದು ಕಾಗದಕ್ಕೆ ಹೇಳಿ ಕಳಿಸಲು ಬರುವುದಿಲ್ಲ, ಎದ್ದ ಮೇಲೆ ಓದಲೇಬೇಕು.

ನಾವು ಇದ್ದೇವೆ. ಕಬ್ಬಿನ ಟ್ರ್ಯಾಕ್ಟರುಗಳು ಹಗಲೆಲ್ಲ ಹಾಡು ಹಚ್ಚಿಕೊಂಡು ಮನೆಯ ಮುಂದೆ ಹೋಗುತ್ತವೆ, ಧೂಳು ಬೀಳುತ್ತದೆ, ಒರೆಸುತ್ತೇನೆ. ನಿನ್ನ ಮಾವ ಚಹಾ ಕುಡಿದು ಕಪ್ಪನ್ನು ಕಟ್ಟೆಯ ಮೇಲೆಯೇ ಬಿಡುತ್ತಾರೆ. ನಿನ್ನ ಗಂಡ ವಿಶಾಲ ತಾಟಿಗೆ ಹಾಕಿದ್ದನ್ನು ಉಣ್ಣುತ್ತಾನೆ, ಹಾಕದಿದ್ದರೆ ಕೇಳುವುದಿಲ್ಲ. ಗೋಕಾಕದ ಡಾಕ್ಟರು ಅವನ ಕೈಯ ಹೊಲಿಗೆ ಬಿಚ್ಚಿದರು, ಗಾಯ ಮಾಯ್ದಿದೆ. ಆದರೆ ಬಲಗೈಯ ಎರಡು ಬೆರಳುಗಳಿಗೆ ಇನ್ನೂ ಏನೂ ತಿಳಿಯುವುದಿಲ್ಲ. ಬಿಸಿ ಬೋಗುಣಿಯನ್ನು ಬರಿಗೈಯಲ್ಲಿ ಹಿಡಿದು ನಿಂತಿದ್ದ, ನಾನು ನೋಡಿ ಕಸಿದುಕೊಂಡೆ. ಬೋಗುಣಿ ಇಳಿಸಿಟ್ಟು ತಿರುಗಿ ರೊಟ್ಟಿ ಬಡಿಯಲು ಕೂತೆ. ಮೊದಲಾಗಿದ್ದರೆ ಓಣಿಯೆಲ್ಲ ಕೂಡುವಂತೆ ಕೂಗುತ್ತಿದ್ದೆ. ರಂಗದ ಮೇಲೆ ಎಷ್ಟು ಗಂಡಂದಿರಿಗೆ, ಎಷ್ಟು ಮಕ್ಕಳಿಗೆ ಅತ್ತಿದ್ದೇನೆ! ಹಾರ್ಮೋನಿಯಂ ಒಂದು ಮನೆ ಏರಿತೆಂದರೆ ಸಾಕು, ಕಣ್ಣಲ್ಲಿ ನೀರು ತಯಾರು. ಈ ಸಲ ಒಂದು ಹನಿಯೂ ಬಂದಿಲ್ಲ. ಬಣ್ಣ ಹಚ್ಚಿಕೊಂಡು ಒಳಗೆ ಕೂತಿದ್ದೇನೆ, ಪರದೆ ಏಳುತ್ತಲೇ ಇಲ್ಲ.

ಆ ದಿನದ ಮಾತು ತೆಗೆಯುತ್ತೇನೆ, ಕಾಗದ ಮಡಚಿ ಇಡಬೇಡ. ಮಶೀನು ಹೊರಗೆ ಪತ್ರಾಸು ತಗಡಿನ ಶೆಡ್ಡಿನಲ್ಲಿ, ಕಂಪ್ಯೂಟರು ನಡುಮನೆಯಲ್ಲಿ, ಅದರ ಮುಂದೆ ನೀನು. ಕಟ್ಟಿಗೆಯ ಪುಡಿ ಕಂಪ್ಯೂಟರಿನೊಳಗೆ ಹೋಗಬಾರದೆಂದು ನಿನ್ನ ಗಂಡನೇ ಮಾಡಿದ ವ್ಯವಸ್ಥೆ. ಹಳೆಯ ಪ್ರಿಂಟರುಗಳ ಮೋಟಾರು, ಕಪಾಟಿನ ಎಳೆಯುವ ಖಣದ ಹಳಿ, ಇವನ್ನೆಲ್ಲ ಕೂಡಿಸಿ ತಾನೇ ಕಟ್ಟಿದ, ಕಂಪ್ಯೂಟರು ಹೇಳಿದಂತೆ ಕಟ್ಟಿಗೆ ಕೆತ್ತುವ ಸಿ.ಎನ್.ಸಿ. ಮಶೀನು! ದೇವರ ಕೋಣೆಯ ಬಾಗಿಲಿಗೆ ಬಳ್ಳಿ ಬೇಕೆಂದರೆ ಬಳ್ಳಿ, ನವಿಲು ಬೇಕೆಂದರೆ ನವಿಲು ಕೆತ್ತುತ್ತಿತ್ತು. ಅಂದು ಬಾಗಿಲಿನ ಹಲಗೆ ಅಲುಗಿತೆಂದು ಅವನು ಕೆತ್ತನೆ ನಿಲ್ಲಿಸಿ, ಹಲಗೆ ಬಿಗಿ ಮಾಡಲು ಕೈ ಹಾಕಿದ. ನಿಂತ ಮಶೀನು ಒಮ್ಮೆಲೇ ಎದ್ದಿತು. ನಾನು ಒಲೆಯ ಮುಂದಿನಿಂದ ಓಡಿ ಬಂದಾಗ ಅವನು ಕೈಯನ್ನು ಎದೆಗೆ ಒತ್ತಿ ಹಿಡಿದಿದ್ದ. ಹಿಂದೆ ಟಾಕಿಗೆ ನೀರು ಬೀಳುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಆಸ್ಪತ್ರೆಯಿಂದ ತಿರುಗಿ ಬಂದಾಗ ಟಾಕಿ ತುಂಬಿ ಹರಿದು ಅಂಗಳ ಕೆರೆಯಾಗಿತ್ತು. ನೀನೇ ಸೀರೆ ಎತ್ತಿ ಕಟ್ಟಿ, ಮಾತಿಲ್ಲದೆ ನೀರು ಬಳಿದು ಹಾಕಿದೆ. ನೆನಪಿದೆಯೇ? ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಆಸ್ಪತ್ರೆಯಲ್ಲಿ ಅವನು ಕೇಳಿದ್ದು ಒಂದೇ ಮಾತು. "ನೀ ಏನರ ಒತ್ತಿದೇನು, ಕಾಜಲ್?" ಸಿಟ್ಟಿನಿಂದಲ್ಲ, ಸುಮ್ಮನೆ ಕೇಳಿದ. ನೀನು ಗೋಡೆ ನೋಡಿದೆ. ಆಮೇಲೆ ತವರಿಗೆ ಹೊರಡುವಾಗ ಹೊಸ್ತಿಲಲ್ಲಿ ನಿಂತು ನನಗೆ ಹೇಳಿದೆ: "ಗೊತ್ತಿಲ್ರಿ ಅತ್ತಿ. ಕೈ ಕೀಬೋರ್ಡ್ ಮ್ಯಾಲ ಇತ್ತು. ಒತ್ತಿದ್ದರ ಒತ್ತಿರಬೇಕು." ಇಲ್ಲವೆನ್ನಲು ನನಗೇನು ಗೊತ್ತಿತ್ತು? ಹೌದೆನ್ನಲು ಬಾಯಿ ಬರಲಿಲ್ಲ. ಬಸ್ಸು ಹೋಯಿತು.

ಈಗ ಮೊನ್ನೆ ಭಾನುವಾರದ ಅಂಕ. ನಿನ್ನ ಮಾವ ಆ ಮಶೀನನ್ನು ಕಣ್ಣಿಗೆ ಕಾಣದಂತೆ ಸಾಗಿಸಬೇಕೆಂದು ಹಟ ಹಿಡಿದಿದ್ದರು. ಮೇಲವಂಕಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಉದ್ದಪ್ಪ ಕೊಳ್ಳಲು ಬಂದ. ಹೊಟ್ಟೆ ಮುಂದೆ, ಆಮೇಲೆ ಮನುಷ್ಯ. ಮಶೀನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಓಡಿಸಿ ತೋರಸ್ರಿ ಅಕ್ಕಾರ, ಸತ್ತ ಎಮ್ಮಿ ಕೊಳ್ಳಾಕ ಬಂದಿಲ್ಲ ನಾ" ಎಂದ. ವಿಶಾಲ ಕೋಣೆಯಿಂದ ಹೊರಗೆ ಬರಲಿಲ್ಲ. ನಿನ್ನ ಪಕ್ಕ ಕೂತು ನೋಡಿ ಕಲಿತಷ್ಟು ನನಗೂ ಬರುತ್ತದಲ್ಲ, ನಾನೇ ಹಚ್ಚಿದೆ. ಸ್ವಲ್ಪ ಕೆತ್ತಿಸಿ, ನಿಲ್ಲಿಸಿ, ಕೆತ್ತನೆಯ ನಯ ತೋರಿಸಲು ನಾನೂ ಶೆಡ್ಡಿಗೆ ಬಂದೆ. ನಿನ್ನ ಮಾವ, ಉದ್ದಪ್ಪ, ನಾನು, ಮೂವರೂ ಮಶೀನಿನ ಎದುರು. ಅಷ್ಟರಲ್ಲಿ ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟು ಬಂತು. ನಮ್ಮ ಪಂಪಿಗೆ ಆಟೋ ಸ್ವಿಚ್ಚಿದೆ, ಕರೆಂಟು ಬಂದರೆ ಯಾರ ಅಪ್ಪಣೆಗೂ ಕಾಯದೆ ಶುರುವಾಗುತ್ತದೆ. ಪಂಪು ಶುರುವಾಯಿತು. ನಡುಮನೆಯಲ್ಲಿ ಕಂಪ್ಯೂಟರಿನ ಸ್ಪೀಕರು "ಗುಂಯ್" ಎಂದಿತು. ನಿಂತಿದ್ದ ಮಶೀನು ಎದ್ದು ಕೆತ್ತತೊಡಗಿತು!

"ಒಳಗ ಯಾರು ಕುಂತಾರ್ರಿ?" ಎಂದ ಉದ್ದಪ್ಪ, ಹಿಂದೆ ಸರಿಯುತ್ತ. ನಾನು ಕಿಟಕಿಯಿಂದ ನೋಡಿದೆ. ನಿನ್ನ ಕುರ್ಚಿ ಖಾಲಿ. ಅದರ ಮೇಲೆ ನಾನೇ ಒಣಗಿಸಿ ಹಾಕಿದ ನಿನ್ನ ನೀಲಿ ಟವೆಲ್ಲು.

ಆ "ಗುಂಯ್" ನನ್ನ ಹಳೆಯ ವೈರಿ ಮಗಳೇ. ನೂರು ಸಲ ಹೇಳಿದ್ದೇನೆ, ನೂರಾ ಒಂದನೆಯ ಸಲ ಕೇಳು. ನಿನ್ನ ಮಾವ ನಮ್ಮ ಕಂಪನಿಯಲ್ಲಿ ಮೈಕು ಮತ್ತು ಲೈಟಿನ ಮನುಷ್ಯ. ಎಂಥ ವಾಯರನ್ನೂ ಕಡಿಯಬಾರದು ಎಂಬುದು ಅವರ ಕಾಯದೆ. "ಇಲ್ಲಿ ಕಡದ್ರ ಮುಂದಿನ ಊರಾಗ ಸಾಲೂದಿಲ್ಲ, ಅಲ್ಲಿ ಪೆಂಡಾಲ ದೊಡ್ಡದಿರ್ತೈತಿ" ಎನ್ನುವರು. ಹೆಚ್ಚಾದದ್ದನ್ನು ಸಿಂಬೆ ಸುತ್ತಿ ಮೊಳೆಗೆ ಹಾಕಬೇಕು, ನಟರ ಕಾಲಿಗೆ ತೊಡರದಂತೆ ಎಲ್ಲ ವಾಯರನ್ನೂ ಒಂದೇ ಜಡೆಯಾಗಿ ಕಟ್ಟಬೇಕು. ಮೂಡಲಗಿ ಕ್ಯಾಂಪಿನಲ್ಲಿ ಬಣ್ಣದ ಲೈಟು ಹತ್ತಿದಾಗಲೆಲ್ಲ ಮೈಕು ಗುಂಯ್ ಎನ್ನುತ್ತಿತ್ತು. ಅದಕ್ಕೆ ನಮ್ಮ ಕಂಪನಿಯಲ್ಲಿದ್ದ ಔಷಧ ಒಂದೇ: ನನ್ನ ಗಂಟಲು. ಅದು ಗುಂಯ್ ಅಂದಂತೆ ನಾನು ದನಿ ಏರಿಸುತ್ತಿದ್ದೆ. ಜನ ಗುಡುಗಮ್ಮ ಎಂದು ಕರೆಯುತ್ತಿದ್ದರು. ಮಶೀನಿಗೆ ಗಂಟಲಿದೆಯೇ? ಅದಕ್ಕೆ ಕಿವಿ ಮಾತ್ರ. ವಿಶಾಲ ಮಶೀನಿನ ಬಳಿ ಹಸಿರು ಗುಂಡಿ ಇಟ್ಟಿದ್ದನಲ್ಲ, "ಮತ್ತೆ ಶುರು ಮಾಡು" ಎನ್ನಲು? ಆ ಮಾತು ವಾಯರಿನಲ್ಲೇ ಒಳಗೆ ಕಂಪ್ಯೂಟರಿಗೆ ಹೋಗಬೇಕು. ನಾಲ್ಕು ಹೆಜ್ಜೆಯ ದಾರಿಗೆ ನಿನ್ನ ಮಾವ ಇಡೀ ಸುರುಳಿ ವಾಯರು ಹಾಕಿ, ಉಳಿದದ್ದನ್ನು ಸಿಂಬೆ ಸುತ್ತಿ ಪಂಪಿನ ಸ್ವಿಚ್ಚಿನ ಪಕ್ಕದ ಮೊಳೆಗೇ ತೂಗಿ, ಪಂಪಿನ ವಾಯರಿನ ಜೊತೆ ಅಂದವಾಗಿ ಜಡೆ ಹೆಣೆದಿದ್ದರು. ಪಂಪು ಎದ್ದಾಗಿನ ಕರೆಂಟಿನ ಗದ್ದಲ ಆ ಸಿಂಬೆಯೊಳಗೆ ಹೊಕ್ಕಿತು. ಪಕ್ಕದ ಪರದೆಯ ಹಿಂದಿನ ಕೆಮ್ಮನ್ನೇ ಮಾತು ಎತ್ತಿಕೊಡುವ ಪ್ರಾಂಪ್ಟರನ ಸೂಚನೆ ಎಂದುಕೊಂಡು ಹೊತ್ತಿಗೆ ಮೊದಲೇ ರಂಗಕ್ಕೆ ನುಗ್ಗುವ ನಟನಂತೆ, ಯಾರೂ ಒತ್ತದ ಗುಂಡಿಯನ್ನು ಒತ್ತಿದರೆಂದು ಮಶೀನು ಎದ್ದಿತು.

ಇದೆಲ್ಲ ಆ ಗಳಿಗೆಯಲ್ಲಿ ಇಷ್ಟು ಸ್ಪಷ್ಟವಾಗಿ ಹೊಳೆಯಿತೆಂದು ತಿಳಿಯಬೇಡ. ನನಗೆ ತಿಳಿದದ್ದು ಗುಂಯ್ ಒಂದೇ. "ಪಂಪ್ ಬಂದ್ ಮಾಡ್ರಿ!" ಎಂದು ಹಳೆಯ ದನಿಯಲ್ಲಿ ಗರ್ಜಿಸಿದೆ. ಮಶೀನು ನಿಲ್ಲಿಸಿ, ಪಂಪು ಮತ್ತೆ ಹಚ್ಚಿಸಿದೆ. ಮತ್ತೆ ಎದ್ದಿತು. ತಿರುಗಿ ನೋಡಿದರೆ ವಿಶಾಲ ಬಾಗಿಲಲ್ಲಿ ನಿಂತಿದ್ದಾನೆ. "ಅವ್ವಾ, ಇನ್ನೊಮ್ಮಿ" ಎಂದ. ಎಷ್ಟು ಊರುಗಳಲ್ಲಿ ಎಷ್ಟು ಒನ್ಸ್ ಮೋರ್ ಕೇಳಿದ್ದೇನೆ, ಇಷ್ಟು ಸಣ್ಣ ದನಿಯದನ್ನು ಕೇಳಿರಲಿಲ್ಲ. ಮಾಡಿ ತೋರಿಸಿದೆ. ಆಮೇಲೆ ಉದ್ದಪ್ಪ ಜಡೆ ಬಿಚ್ಚಿ, ಸಿಂಬೆಯನ್ನು ಮೊಳೆಯಿಂದ ಇಳಿಸಿ, ಪಂಪಿನ ವಾಯರಿನಿಂದ ದೂರ ಹಾಸಿದ. ಪಂಪು ಹಚ್ಚಿದೆವು. ಮಶೀನು ಅಲುಗಲಿಲ್ಲ. ಟಾಕಿಗೆ ನೀರು ಬೀಳುವ ಸದ್ದು ಮಾತ್ರ. ಅದೇ ಸದ್ದು ಕಾಜಲ್. ಆ ದಿನ ಕೇಳಿದ್ದೂ ಅದೇ. ಆ ದಿನ ಪಂಪು ಹಚ್ಚಿದವರು ಯಾರು? ಯಾರೂ ಅಲ್ಲ. ತಾನೇ ಎದ್ದಿತ್ತು. ಅಂಗಳದಲ್ಲಿ ನೀನು ಬಳಿದು ಹಾಕಿದ ನೀರೇ ಸಾಕ್ಷಿ.

ಯಾರೂ ಅಳಲಿಲ್ಲ. ಯಾರೂ ನಗಲಿಲ್ಲ. ಉದ್ದಪ್ಪ ಚಹಾ ಕುಡಿದು, "ಇದನ್ನ ಮಾರಬ್ಯಾಡ್ರಿ ಅಕ್ಕಾರ" ಎಂದು ಎದ್ದು ಹೋದ. ನಿನ್ನ ಮಾವ ಒಳಗಿನಿಂದ ವಾಯರು ಕಡಿಯುವ ಪಕ್ಕಡ ತಂದರು. ವಾಯರನ್ನು ಮಶೀನಿನಿಂದ ಕಿಟಕಿಯವರೆಗೆ ಎಳೆದು ಹಿಡಿದು ಅಳತೆ ನೋಡಿದರು. "ಕಡೀಲೇನ?" ಎಂದು ನನ್ನನ್ನು ಕೇಳಿದರು. ಇಷ್ಟು ವರ್ಷದಲ್ಲಿ ನನ್ನನ್ನು ಏನನ್ನೂ ಕೇಳಿ ಮಾಡಿದವರಲ್ಲ. ಆಮೇಲೆ ತಮಗೆ ತಾವೇ, "ಇನ್ನ ಯಾವ ಊರಿಗೆ ಹೋಗೂದೈತಿ" ಎಂದು ಕಡಿದರು. ಉಳಿದ ಸಿಂಬೆ ಅಂಗಳದಲ್ಲೇ ಬಿದ್ದಿದೆ, ಯಾರೂ ಎತ್ತಿಲ್ಲ.

ವಿಶಾಲ ನಡುಮನೆಗೆ ಹೋಗಿ ನಿನ್ನ ಕುರ್ಚಿಯಲ್ಲಿ ಕೂತ. ಆ ಎರಡು ಬೆರಳನ್ನು ಕೀಬೋರ್ಡಿನ ಮೇಲೆ ಇಟ್ಟು, ಕಣ್ಣು ಮುಚ್ಚಿದ. ಆಮೇಲೆ, "ಅವ್ವಾ, ಈಗ ಒತ್ತೇನೋ ಇಲ್ಲೋ, ನನಗೂ ಗೊತ್ತಾಗವಲ್ದು" ಎಂದ. ನೀನು ಹೊಸ್ತಿಲಲ್ಲಿ ಹೇಳಿದ ಮಾತನ್ನು ನಾನು ಅವನಿಗೆ ಹೇಳಿರಲಿಲ್ಲ. ಆಗ ಹೇಳಿದೆ. ಅವನು ಕೈ ತೆಗೆಯಲಿಲ್ಲ. ಕಂಪ್ಯೂಟರಿನ ತೆರೆಯ ಮೇಲೆ ಒಂದೇ ಅಕ್ಷರ ಸಾಲುಸಾಲಾಗಿ ಹೋಗುತ್ತಿತ್ತು.

ನಿನ್ನ ಅಪ್ಪ ಅವ್ವನಿಗೆ ನಮ್ಮಿಬ್ಬರ ನಮಸ್ಕಾರ. ದೂತನಾದ ನಿನ್ನ ತಮ್ಮನಿಗೆ ನನ್ನ ಮುದ್ದು. ನಿನ್ನ ತಲೆಯ ಮೇಲೆ ನನ್ನ ಕೈ ಇದೆ ಎಂದು ತಿಳಿ, ದೂರವಿದ್ದರೂ ಭಾರ ಹಾಗೆಯೇ ಇರಲಿ.

ನಿನ್ನ ಅತ್ತೆ,
ಶೆಟ್ಟೆವ್ವ

ತಾ.ಕ.: ಟಪಾಲಿನ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆಯ ಮೇಲಿನ ವಿಳಾಸ ನೋಡಿದೆಯಾ? ಅದು ನನ್ನ ಅಕ್ಷರವಲ್ಲ. ಮೂರು ಲಕೋಟೆ ಹಾಳು ಮಾಡಿ ಆ ಕೈಯಿಂದಲೇ ಬರೆದಿದ್ದಾನೆ. ನಿನ್ನ ಹೆಸರು ಓರೆಯಾಗಿದೆ, ತಪ್ಪಿಲ್ಲ. ಬರುವ ಭಾನುವಾರ ಘಟಪ್ರಭಾದಲ್ಲಿ ಹುಕ್ಕೇರಿ ಬಸ್ಸು ಹಿಡಿದು ಬರುತ್ತಾನೆ. ನಿನ್ನನ್ನು ಕರೆದೊಯ್ಯಲು ಬರುತ್ತಿಲ್ಲ. ಆಸ್ಪತ್ರೆಯಲ್ಲಿ ಕೇಳಿದ ಮಾತನ್ನು ವಾಪಸು ತೆಗೆದುಕೊಳ್ಳಲು ಬರುತ್ತಿದ್ದಾನೆ. ತಿರುಗಿ ಬರುವುದು, ಬಿಡುವುದು ನಿನ್ನದು. ಆದರೆ ಅಂದು ಮಾತ್ರ ಮಲಗಿರಬೇಡ. ಮತ್ತೆ, ಚಹಾ ಕೊಡುವಾಗ ಕಪ್ಪು ಬಹಳ ಬಿಸಿ ಇರದಂತೆ ನೀನೇ ಮುಟ್ಟಿ ನೋಡು. ಅವನಿಗೆ ತಿಳಿಯುವುದಿಲ್ಲ.